ಅತ್ತೆ ಮಮ್ಮಿಯನ್ನು ನೋಡಲು ಹೋದದ್ದು

ನಮ್ಮ ಸೋದರತ್ತೆಯ ಅಪ್ಪಣೆಯಿಲ್ಲದೆ ಮೈಸೂರಿನ ನಮ್ಮ ಬಡಾವಣೆಯಲ್ಲಿ ಯಾರೂ ಸತ್ತದ್ದಿಲ್ಲ! ಉತ್ಪ್ರೇಕ್ಷೆ ಎನ್ನುತ್ತೀರಾ? ಯಾರ ಮನೆಯಲ್ಲಿ ಸಾವಾದರೂ ಪುರೋಹಿತರಿಗಿಂತ ಮೊದಲು ಅತ್ತೆ ಹಾಜರು. ಯಾರಿಗೆ ತಿಳಿಸಬೇಕು, ಯಾರು ಬರುವವರೆಗೆ ಹೆಣ ಎತ್ತಬಾರದು, ಎಲ್ಲ ಅವರದೇ ದರ್ಬಾರು.

ಇಂಥ ಅತ್ತೆ ತೊಂಬತ್ತೆಂಟನೇ ಇಸವಿಯಲ್ಲಿ ಮಗಳ ಬಾಣಂತನಕ್ಕೆಂದು ಡಚ್ಚರ ನಾಡಿನ ಯುಟ್ರೆಕ್ಟ್‌ಗೆ ಬಂದಿಳಿದರು. ಊರು ತೋರಿಸುವ ಕೆಲಸ ಡೆಲ್ಫ್ಟ್‌ನಲ್ಲಿ ಓದುತ್ತಿದ್ದ ನನ್ನ ಪಾಲಿಗೆ ಬಂತು. ಹಿಂದಿನ ವರ್ಷ ಅಪ್ಪ, ಅಂದರೆ ಅತ್ತೆಯ ಅಣ್ಣ, ತೀರಿಕೊಂಡಾಗ ನಾನು ವಿಮಾನ ಹಿಡಿದು ಮೈಸೂರು ಮುಟ್ಟುವಷ್ಟರಲ್ಲಿ ಚಿಕ್ಕಪ್ಪನ ಕೈಯಲ್ಲಿ ಸಂಸ್ಕಾರ ಮುಗಿಸಿಬಿಟ್ಟಿದ್ದರು. ಕೊನೆಯ ಸಲ ಮುಖ ನೋಡಲಾಗಲಿಲ್ಲ ಎಂಬ ಸಂಕಟ ಹಾಗೇ ಇತ್ತು. ಅತ್ತೆ ಆ ಮಾತು ತೆಗೆದಾರು ಎಂದು ಹೆದರಿ, ಲೈಡನ್ನಿನ ಮ್ಯೂಸಿಯಂಗೆ ಹೋಗೋಣ, ಈಜಿಪ್ಟಿನ ಮಮ್ಮಿಗಳಿವೆ ಎಂದೆ.

"ಮಮ್ಮಿ ಅಂದ್ರೆ?"

"ಹೆಣ ಅತ್ತೆ. ಮೂರು ಸಾವಿರ ವರ್ಷದ್ದು."

ಕೆಟ್ಟೆ! ಅತ್ತೆ ಮಗಳನ್ನು ಕೂಗಿ, "ಬಂದ ತಕ್ಷಣ ನಮಗಿಬ್ಬರಿಗೂ ತಲೆಗೆ ಸ್ನಾನ, ಟವೆಲು ಬಚ್ಚಲಲ್ಲೇ ಇಟ್ಟಿರು" ಎಂದು ಹೇಳಿಯೇ ಹೊರಟರು. ಮ್ಯೂಸಿಯಂ ನೋಡಿ ಬಂದು ತಲೆಗೆ ನೀರು ಹಾಕಿಕೊಂಡವರನ್ನು ನೀವು ಕಂಡಿದ್ದೀರಾ?

ಅಲ್ಲಿ ಗಾಜಿನ ಪೆಟ್ಟಿಗೆಯ ಮುಂದೆ ಅತ್ತೆ ಚಪ್ಪಲಿ ಕಳಚಿ ಕೈಮುಗಿದು ನಿಂತರು. ಕಾವಲಿನವನು ಓಡಿ ಬಂದು ಚಪ್ಪಲಿಯತ್ತ ಕೈ ತೋರಿಸಿ, ಪೆಟ್ಟಿಗೆಯ ಪಕ್ಕದಲ್ಲೇ ನಿಂತುಬಿಟ್ಟ.

"ಪಾಪ, ಮಗ ಇರಬೇಕು ಕಣೋ. ಪಕ್ಕ ಬಿಟ್ಟು ಕದಲ್ತಾನೇ ಇಲ್ಲ."

"ಅತ್ತೆ, ಅವನಿಲ್ಲಿ ಡ್ಯೂಟಿ ಮೇಲಿದಾನೆ!"

"ಸುಮ್ನಿರೋ. ಡ್ಯೂಟಿಗೆ ಬಂದೋನಿಗೆ ಇಷ್ಟು ಸಪ್ಪೆ ಮುಖ ಇರುತ್ತಾ?"

ಹೊರಡುವಾಗ ಅವನು ಮರ್ಯಾದೆಗೆ "ಟೋಟ್ ಝೀನ್ಸ್" ಅಂದ. ಮತ್ತೆ ಸಿಗೋಣ ಎಂದರ್ಥ ಅಂತ ನಾನು ಹೇಳಿದ್ದೇ ತಡ, ಅತ್ತೆ ನನ್ನ ರಟ್ಟೆ ಹಿಡಿದು ಎಳೆದರು. "ಸಾವಿನ ಮನೇಲಿ ಹಾಗನ್ನಬಾರದು! ತಿರುಗಿ ಏನೂ ಹೇಳ್ಬೇಡ, ನಡಿ!"

ಹೊರಗೆ ಕಾಲುವೆಯ ಪಕ್ಕದ ಬೆಂಚಿನ ಮೇಲೆ ಕೂತ ಅತ್ತೆ ಮ್ಯೂಸಿಯಂ ಬಾಗಿಲಿನತ್ತ ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ ಅಂದರು:

"ಎಷ್ಟು ಕಾಲ ಇಟ್ಕೊಂಡಿದಾರೆ ನೋಡು. ಒಂದೇ ಒಂದು ದಿನ ಇಟ್ಕೊಳ್ಳಿ, ಮಗ ಬರ್ತಿದಾನೆ ಅಂತ ಬಾಗಿಲಿಗೆ ಅಡ್ಡ ನಿಂತೆ ಕಣೋ. ಬೇಸಿಗೆ, ಆಗಲ್ಲ ಅಂದ್ರು. ಊರೋರ ಮನೇಲೆಲ್ಲ ನನ್ನ ಮಾತು ನಡೀತು. ನಮ್ಮಣ್ಣನ ಮನೇಲಿ ನಡೀಲಿಲ್ಲ."

ನನಗಾಗಿ ಅಲ್ಲೊಬ್ಬರು ಜಗಳವಾಡಿದ್ದರೆಂದು ನನಗೆ ಯಾರೂ ಹೇಳಿರಲಿಲ್ಲ. ಅಷ್ಟು ದಿನ ಯಾರನ್ನೂ ಕೇಳಲಾಗದ್ದನ್ನು ಆಗ ಕೇಳಿದೆ.

"ಅಪ್ಪನ ಮುಖ ಹೇಗಿತ್ತು ಅತ್ತೆ?"

ಅತ್ತೆ ನನ್ನ ಕೆನ್ನೆ ಸವರಿದರು.

"ಗಡ್ಡ ಬಂದಿತ್ತು ಮಗಾ. ಈಗ ನಿನಗೆ ಬಂದಿದೆಯಲ್ಲ, ಹೀಗೇ."