ಕೊಸರು ಕೇಳಿ ಕೋಟೆ ಕಳೆದುಕೊಂಡೆ

ಸಂತೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ಬಹುಕಾಲದ ತೀರ್ಮಾನ. ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು ತಿಪಟೂರಿನ ಹೋಟೆಲೊಂದರಲ್ಲಿ ಲೋಟ ತೊಳೆಯಲು ಸೇರಿದವನು ನಾನು. ಲೋಟದಿಂದ ತರಕಾರಿ ತರುವ ಕೆಲಸಕ್ಕೆ, ಅಲ್ಲಿಂದ ದೋಸೆಕಲ್ಲಿಗೆ, ದೋಸೆಕಲ್ಲಿನಿಂದ ನೇರ ಜಪಾನಿಗೆ! ಇಚಿಕಾವಾದ ಇಂಡಿಯನ್ ಹೋಟೆಲೊಂದರಲ್ಲಿ ಹನ್ನೊಂದು ವರ್ಷದಿಂದ ದೋಸೆ ಹುಯ್ಯುತ್ತಿದ್ದೇನೆ. ನನ್ನ ದೋಸೆಗೆಂದೇ ರಾಜಧಾನಿಯ ಕೋಟೋ ಬಡಾವಣೆಯಿಂದ ರೈಲು ಹತ್ತಿ ಬರುವ ಇಂಜಿನಿಯರುಗಳಿದ್ದಾರೆ. ಹೆಮ್ಮೆಗೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ.

ಈ ದೇಶದಲ್ಲಿ ಎಲ್ಲವೂ ಇದೆ. ಇಲ್ಲದ್ದು ಒಂದೇ, ಕೊಸರು. ಸೂಪರ್ ಮಾರ್ಕೆಟ್ಟಿನಲ್ಲಿ ಮೂರು ಬದನೆಕಾಯಿಗಳು ಪ್ಲಾಸ್ಟಿಕ್ ಹೊದ್ದು ಮಲಗಿರುತ್ತವೆ. ಅವನ್ನು ಒತ್ತಿ ನೋಡುವಂತಿಲ್ಲ, ಬೆಲೆ ಮಾತಾಡುವಂತಿಲ್ಲ, ತೂಗಿದ ಮೇಲೆ "ಇನ್ನೊಂದು ಹಾಕಮ್ಮ" ಎನ್ನುವಂತಿಲ್ಲ. ಬಿಲ್ಲು ಮಾಡುವ ಮಷೀನಿಗೆ ಯಾರು ಅಮ್ಮ ಅನ್ನುತ್ತಾರೆ? ಕೊಸರು ಕೇಳುವ ನನ್ನ ನಾಲಿಗೆ ಹನ್ನೊಂದು ವರ್ಷ ಉಪವಾಸ ಕೂತಿತ್ತು.

ಹೀಗಿರುವಾಗ ನಮ್ಮ ಹೋಟೆಲಿನ ಅಡುಗೆಮನೆಯ ನೆಲ ಕಿತ್ತು ಹೊಸದು ಹಾಕಿಸಲು ಮಾಲೀಕರು ನಾಲ್ಕು ದಿನ ರಜೆ ಕೊಟ್ಟರು. ಎಲ್ಲಿಗೆ ಹೋಗೋಣ ಎಂದು ನಾನು ಕೇಳಿ ಮುಗಿಸುವ ಮೊದಲೇ ನನ್ನ ಹೆಂಡತಿ ಗಿರಿಜಾ, "ನಾಹಾ," ಅಂದಳು.

ನಾಹಾ ಎಂದರೆ ಜಪಾನಿನ ದಕ್ಷಿಣದ ತುದಿಯ ದ್ವೀಪಗಳಿಗೆ ರಾಜಧಾನಿ. ಪುಟ್ಟ ಊರು. ಒಂದು ಕಾಲಕ್ಕೆ ಅಲ್ಲಿ ಬೇರೆಯೇ ರಾಜರಿದ್ದರು. ಗುಡ್ಡದ ಮೇಲೆ ಅವರ ಕೆಂಪು ಅರಮನೆ, ಸುತ್ತ ಕಲ್ಲಿನ ಕೋಟೆ. ಗಿರಿಜಾ ಮಗಳನ್ನು ಕಟ್ಟಿಕೊಂಡು ಜಪಾನಿಗೆ ಬಂದ ಹೊಸದರಲ್ಲಿ ಆ ಅರಮನೆಗೆ ಬೆಂಕಿ ಬಿತ್ತು. ಭಾಷೆ ಬಾರದ ದೇಶದಲ್ಲಿ, ಒಂದೇ ಕೋಣೆಯ ಮನೆಯಲ್ಲಿ, ಟಿವಿ ಮುಂದೆ ಕೂತು ಅದು ಉರಿದು ಬೀಳುವುದನ್ನು ನೋಡಿ ಅವಳು ಅತ್ತಿದ್ದಳು. ಮತ್ತೆ ಕಟ್ಟುತ್ತಿದ್ದಾರೆಂದು ತಿಳಿದ ಮೇಲಂತೂ ಎಷ್ಟು ಎದ್ದಿತು, ಕಂಬ ನಿಂತಿತಾ, ಹೆಂಚು ಕೂತಿತಾ ಎಂದು ಮಗಳ ಫೋನಿನಲ್ಲಿ ನೋಡುತ್ತಲೇ ಇದ್ದಳು. ಸ್ವಂತ ಮನೆ ಕಟ್ಟಿಸುವವರೂ ಇಷ್ಟು ವಿಚಾರಿಸುವುದಿಲ್ಲ! "ಆ ಕೆಂಪು ಕಂಬಾನ ಒಂದ್ಸಲ ಕಣ್ಣಾರೆ ನೋಡ್ಬೇಕು ರೀ. ಬೇರೆ ಏನೂ ಬೇಡ," ಎಂದಿದ್ದಳು. ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಮೊದಲ ಮೂರು ದಿನ ಸಮುದ್ರದ ಮುಂದೆ ಕಳೆದವು. ಅಂಥ ಬಣ್ಣದ ನೀರನ್ನು ನಾನು ಕಂಡಿರಲಿಲ್ಲ. ಅದಕ್ಕೆ ಹಸಿರೆನ್ನಬೇಕೋ ನೀಲಿಯೆನ್ನಬೇಕೋ ಗೊತ್ತಾಗದೆ ಬೊಗಸೆಯಲ್ಲಿ ಎತ್ತಿ ನೋಡಿದೆ. ಬೇಲಿಯಲ್ಲಿ ದಾಸವಾಳ, ಹಿತ್ತಿಲಲ್ಲಿ ಪಪ್ಪಾಯಿ, ಸೂರಿನ ಮೇಲೆ ಮಣ್ಣಿನ ಜೋಡಿ ಸಿಂಹಗಳು. ಒಂದರ ಬಾಯಿ ತೆರೆದಿರುತ್ತದೆ, ಇನ್ನೊಂದರದು ಮುಚ್ಚಿರುತ್ತದೆ. ಕೆಟ್ಟದ್ದು ಮನೆಯೊಳಗೆ ಬಾರದಿರಲೆಂದು ಕೂರಿಸುತ್ತಾರಂತೆ.

"ನಮ್ಮನೇಲಿ ಬಾಯಿ ತೆರೆದಿರೋದು ಯಾರು ಅಂತ ಹೇಳ್ಬೇಕಾಗಿಲ್ಲ," ಎಂದಳು ಗಿರಿಜಾ.

ನಾಲ್ಕನೆಯ ದಿನ ಸಂಜೆ ಏಳಕ್ಕೆ ವಿಮಾನ. ಬಟ್ಟೆಯ ಪೆಟ್ಟಿಗೆಗಳನ್ನು ಬೆಳಿಗ್ಗೆಯೇ ವಿಮಾನ ನಿಲ್ದಾಣದ ಲಾಕರಿನಲ್ಲಿಟ್ಟು ಬಂದೆ. ಕೋಟೆ ಹತ್ತುವಾಗ ಕೈ ಖಾಲಿ ಇರಬೇಕಲ್ಲ! ಅಷ್ಟು ಮುಂದಾಲೋಚನೆಯ ಮನುಷ್ಯ ನಾನು.

"ಮೊದ್ಲು ಕೋಟೆ," ಅಂದಳು ಗಿರಿಜಾ.

"ಮೊದ್ಲು ಮಾರ್ಕೆಟ್ಟು. ತರಕಾರೀನ ಬೆಳಿಗ್ಗೇನೇ ನೋಡ್ಬೇಕು ಕಣೇ. ಅರ್ಧ ಗಂಟೆ."

"ನಿಮ್ಮ ಅರ್ಧ ಗಂಟೆ ನಂಗೊತ್ತಿಲ್ವಾ?"

"ಹನ್ನೊಂದಕ್ಕೆ ನೀನು ಕೋಟೆ ಒಳಗೆ ಇರ್ತೀಯ. ಬರ್ಕೊಡ್ಲಾ?"

ಬರೆದುಕೊಡದಿದ್ದುದು ಒಳ್ಳೆಯದಾಯಿತು.

ಮಾರ್ಕೆಟ್ಟಿನೊಳಗೆ ಹೋದರೆ ಗಿಳಿಯ ಬಣ್ಣದ ಮೀನುಗಳು! ಅದರಾಚೆ ಹಂದಿಯ ಮುಖಕ್ಕೆ ಕಪ್ಪು ಕನ್ನಡಕ ಹಾಕಿ ತೂಗುಹಾಕಿದ್ದರು. ಗಿರಿಜಾ ಕಣ್ಣು ಮುಚ್ಚಿ ನನ್ನ ಅಂಗಿ ಹಿಡಿದುಕೊಂಡಳು. ಹನ್ನೊಂದು ವರ್ಷದ ಮಗಳು ಸಿಂಚನ ಅಮ್ಮನ ಬ್ಯಾಗು ಹಿಡಿದುಕೊಂಡಳು. ನಾನು ರೈಲಿನ ಇಂಜಿನ್ನಿನಂತೆ ಮುಂದೆ ನುಗ್ಗಿದೆ. ತಿರುವಿನಲ್ಲಿ ತರಕಾರಿ ಅಂಗಡಿಗಳು ಶುರುವಾದವು. ಅಲ್ಲಿ ಕಂಡದ್ದನ್ನು ನೋಡಿ ಇಂಜಿನ್ನು ನಿಂತೇಬಿಟ್ಟಿತು.

ಹಾಗಲಕಾಯಿ! ಒಂದಲ್ಲ ಎರಡಲ್ಲ, ಗುಡ್ಡೆ! ಪ್ಲಾಸ್ಟಿಕ್ ಇಲ್ಲ, ಹೊದಿಕೆ ಇಲ್ಲ, ಮೈಯೆಲ್ಲಾ ಗುಳ್ಳೆಗಳೊಂದಿಗೆ ರಾಜಾರೋಷವಾಗಿ ಬಿದ್ದುಕೊಂಡಿದ್ದವು. ಹಿಂದೆ ಪುಟ್ಟ ಸ್ಟೂಲಿನ ಮೇಲೆ ಎಂಬತ್ತು ದಾಟಿದ ಅಜ್ಜಿ. ಮುಖದ ತುಂಬ ಗೆರೆ, ತಲೆಗೆ ಹೂವಿನ ವಸ್ತ್ರ, ಚಾಕು ಹಿಡಿದ ಕೈ ಮಾತ್ರ ಇಪ್ಪತ್ತರದ್ದು. ನಾನು ಆರು ಹಾಗಲಕಾಯಿ ಆರಿಸಿ ದುಡ್ಡು ಕೊಟ್ಟೆ. ಆಮೇಲೆ, ಹನ್ನೊಂದು ವರ್ಷದ ಉಪವಾಸ ಮುರಿದು, ಗುಡ್ಡೆಯಿಂದ ಇನ್ನೊಂದನ್ನೆತ್ತಿ ಅಜ್ಜಿಗೆ ತೋರಿಸಿ, ಹುಬ್ಬು ಹಾರಿಸಿ, ಚೀಲಕ್ಕೆ ಹಾಕುವಂತೆ ಸನ್ನೆ ಮಾಡಿದೆ.

"ಅಪ್ಪಾ, ಯಮೆತೆ! ಸ್ಟಾಪ್ ಇಟ್!" ಎಂದು ಸಿಂಚನ ಎರಡು ಭಾಷೆಯಲ್ಲಿ ಬೇಡಿಕೊಂಡಳು. "ಜಪಾನಲ್ಲಿ ಯಾರೂ ಹಾಗೆ ಕೇಳಲ್ಲ!"

ಅಜ್ಜಿ ನನ್ನನ್ನು ನೋಡಿದಳು. ಹಾಗಲಕಾಯಿಯನ್ನು ನೋಡಿದಳು. ಬೊಚ್ಚುಬಾಯಿ ತೆರೆದು ನಕ್ಕಳು. ಆ ಏಳನೆಯದನ್ನು ತಾನೇ ಚೀಲಕ್ಕೆ ಹಾಕಿ, ಮೇಲೆ ನಾಲ್ಕು ಪುಟ್ಟ ನಿಂಬೆಹಣ್ಣನ್ನೂ ಸುರಿದಳು!

ನಾನು ಹೆಂಡತಿ ಮಗಳ ಕಡೆ ತಿರುಗಿದೆ. ಯುದ್ಧ ಗೆದ್ದ ಸೇನಾಧಿಪತಿಗಳು ಹೇಗೆ ತಿರುಗುತ್ತಿದ್ದರೋ ನನಗೆ ಗೊತ್ತಿಲ್ಲ. ಇದಕ್ಕಿಂತ ಚೆನ್ನಾಗಿ ತಿರುಗಿರಲಾರರು.

ಅಜ್ಜಿ ಏನೋ ಹೇಳಿದಳು. ಸಿಂಚನ ಕಣ್ಣರಳಿಸಿ, "ಅಪ್ಪಾ, ಈ ಐಲ್ಯಾಂಡಲ್ಲಿ ಎಕ್ಸ್‌ಟ್ರಾ ಕೊಡೋದು ಹಳೇ ಕಸ್ಟಮ್ ಅಂತೆ. ಅದಕ್ಕೆ ಶೀಬುನ್ ಅಂತಾರಂತೆ," ಎಂದಳು.

ಕೊಸರು! ಕಡಲು ದಾಟಿ ಬಂದು ಇಲ್ಲಿ ಹೆಸರು ಬದಲಿಸಿಕೊಂಡು ಕೂತಿದೆ! ನನಗೆ ಮೈ ಜುಮ್ಮೆಂದಿತು. ಅಷ್ಟಕ್ಕೇ ಕೈಮುಗಿದು ಹೊರಟಿದ್ದರೆ ಈ ಬರಹ ಹುಟ್ಟುತ್ತಿರಲಿಲ್ಲ.

ಅಜ್ಜಿ ಪುಟ್ಟ ಲೋಟದಲ್ಲಿ ಟೀ ಬಗ್ಗಿಸಿ, ಜೊತೆಗೆ ಒಂದು ಕಪ್ಪು ಉಂಡೆಯನ್ನು ಕೈಯಲ್ಲಿಟ್ಟಳು. ಬಾಯಿಗೆ ಹಾಕಿಕೊಂಡೆ. ಬೆಲ್ಲ! ಆಲೆಮನೆಯಿಂದ ಆಗ ತಾನೇ ಇಳಿಸಿದಂಥ ಬೆಲ್ಲ! ಗಿರಿಜಾ ಕೂಡ ಚೂರು ಕಚ್ಚಿ, ಕಣ್ಣು ಮುಚ್ಚಿ, "ಅಯ್ಯೋ ರೀ..." ಅಂದಳು.

ಇಲ್ಲಿ ನನ್ನ ಸ್ವಾಭಿಮಾನ ಎಚ್ಚರಗೊಂಡಿತು. ಜಪಾನಿನಲ್ಲಿ ಯಾರಾದರೂ ಏನಾದರೂ ಕೊಟ್ಟರೆ ತಿರುಗಿ ಕೊಡದೆ ಬಿಡುವುದು ಅಪಚಾರ. ಇದನ್ನು ಕಲಿಯಲು ನನಗೆ ಹನ್ನೊಂದು ವರ್ಷ ಹಿಡಿದಿತ್ತು; ಕಲಿತದ್ದನ್ನು ತೋರಿಸದಿರಲಾದೀತೇ? ಹೊರಗಿನ ಸಾರಿನಲ್ಲೆಲ್ಲ ಮೀನಿರುತ್ತದೆಂದು ಗಿರಿಜಾ ಬ್ಯಾಗಿನಲ್ಲಿ ನಮ್ಮ ಅಡುಗೆಮನೆಯನ್ನೇ ಹೊತ್ತು ತಂದಿದ್ದಳು. ಅದರಿಂದ ಕೊಬ್ಬರಿ ಮಿಠಾಯಿಯ ಡಬ್ಬಿ ತೆಗೆದು ಎರಡು ಕೈಯಲ್ಲಿ ಅರ್ಪಿಸಿದೆ. ಅಜ್ಜಿ ಬಾಗಿ ತೆಗೆದುಕೊಂಡಳು. ನಾನೂ ಬಾಗಿದೆ. ತಲೆ ಎತ್ತುವಷ್ಟರಲ್ಲಿ ನನ್ನ ಕೈಯಲ್ಲೊಂದು ಅನಾನಸ್ ಇತ್ತು!

"ಅಪ್ಪಾ, ತಿರುಗಿ ಕೊಡೋದು ಬೇಡ ಅಂತಿದಾರೆ," ಎಂದಳು ಸಿಂಚನ.

"ಅದು ಮರ್ಯಾದೆಗೆ ಹೇಳೋ ಮಾತು ಪುಟ್ಟಿ. ನೀನು ಸುಮ್ನಿರು."

ನಿಪ್ಪಟ್ಟು ಕೊಟ್ಟೆ. ಎರಡು ಪಪ್ಪಾಯಿ ಬಂದವು. ಚಟ್ನಿಪುಡಿ ಕೊಟ್ಟೆ. ಒಂದು ಗೊನೆಯಷ್ಟು ಪುಟ್ಟಬಾಳೆ ಬಂತು. ನನ್ನ ಬಲ ಕುಗ್ಗುತ್ತಿತ್ತು, ಅಜ್ಜಿಯ ಹಿಂದೆ ಇಡೀ ಅಂಗಡಿ ಇತ್ತು.

"ರೀ, ಹನ್ನೆರಡೂವರೆ," ಎಂದಳು ಗಿರಿಜಾ.

"ಕೊನೇದೊಂದು. ಇದಕ್ಕೆ ಅವಳು ಏನೂ ತಿರುಗಿ ಕೊಡಕ್ಕಾಗಲ್ಲ, ನೋಡ್ತಿರು."

ಅಜ್ಜಿಯ ಬೆನ್ನ ಹಿಂದೆ ಗ್ಯಾಸಿನ ಸಣ್ಣ ಒಲೆಯಿತ್ತು. ನಾನು ತೋಳು ಮಡಚಿದೆ. ಹಾಗಲಕಾಯಿ ಗೊಜ್ಜು! ಹುಣಿಸೆಹಣ್ಣಿಗೆ ಬದಲು ಆ ಪುಟ್ಟ ನಿಂಬೆ, ಬೆಲ್ಲಕ್ಕೆ ಆ ಕಪ್ಪು ಉಂಡೆ, ಗಿರಿಜಾಳ ಡಬ್ಬಿಯಿಂದ ಸಾಸಿವೆ, ಸಾರಿನಪುಡಿ. ಸಾಸಿವೆ ಸಿಡಿದಾಗ ಪಕ್ಕದಂಗಡಿಯವರು ಬಂದರು. ಬೆಲ್ಲ ಕರಗಿದಾಗ ಅವರ ಪಕ್ಕದವರು ಬಂದರು. ಜನ ಸೇರಿದ ಮೇಲೆ ನನ್ನಂಥವನು ಬೇಗ ಮುಗಿಸುತ್ತಾನೆಯೇ? ಸಣ್ಣ ಉರಿಯಲ್ಲಿ ಕುದಿಸಿದೆ. ಇನ್ನೂ ಸಣ್ಣ ಉರಿಯಲ್ಲಿ ಕುದಿಸಿದೆ. ಒಂದು ಸಾಲದೆ ಎರಡು ಬಾಣಲೆ ಮಾಡಿದೆ. ಗಿರಿಜಾ ಗಡಿಯಾರ ನೋಡುವುದನ್ನು ನಿಲ್ಲಿಸಿದ್ದಳು. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ!

ಅಜ್ಜಿ ಒಂದು ಬಟ್ಟಲು ತಿಂದಳು. ತಿನ್ನುವ ಕಡ್ಡಿಗಳನ್ನು ಜೋಡಿಸಿಟ್ಟು, ಬಟ್ಟಲಿಗೆ ತಲೆಬಾಗಿ, ಮೆಲ್ಲಗೆ ಏನೋ ಹೇಳಿದಳು. ಅಲ್ಲಿಯವರೆಗೆ ನಾಚಿಕೆಯಿಂದ ಕಂಬದ ಹಿಂದೆ ನಿಂತಿದ್ದ ಸಿಂಚನ ಈಚೆ ಬಂದಳು.

"ಅಪ್ಪಾ... ಇಡೀ ಲೈಫು ಹಾಗಲಕಾಯಿ ತಿಂದೆ. ಅದು ಗೊತ್ತು ಅಂದ್ಕೊಂಡಿದ್ದೆ. ಇವತ್ತಿನವರೆಗೆ ಗೊತ್ತಿರ್ಲಿಲ್ಲ. ಹಂಗಂತಿದಾರೆ."

ನಲವತ್ತು ವರ್ಷ ಒಲೆ ಮುಂದೆ ನಿಂತಿದ್ದೇನೆ. ಅಂಥ ಮಾತು ನನಗೆ ಯಾರೂ ಹೇಳಿರಲಿಲ್ಲ. ಸೌಟು ಕೆಳಗಿಟ್ಟು ಕೈ ಒರೆಸಿಕೊಂಡೆ. ಒರೆಸಿ ಮುಗಿಯುವ ಮೊದಲೇ ಅಜ್ಜಿ ಗಲ್ಲಾಪೆಟ್ಟಿಗೆಯ ಮೇಲೆ ಕೂತಿದ್ದ ಎರಡು ಮಣ್ಣಿನ ಸಿಂಹಗಳನ್ನೆತ್ತಿ ನನ್ನ ಎರಡು ತೋಳಿಗೆ ಒಂದೊಂದು ಕೊಟ್ಟುಬಿಟ್ಟಳು. ತಲಾ ಒಂದು ಕುಂಬಳಕಾಯಿಯ ಗಾತ್ರ!

ನಾನು ಕಣ್ಣಲ್ಲೇ ಬ್ಯಾಗು ಹುಡುಕಿದೆ. ಗಿರಿಜಾ ಅದನ್ನು ಬೆನ್ನ ಹಿಂದೆ ಅಡಗಿಸಿಕೊಂಡು, "ಮೂರೂವರೆ. ನಡೀರಿ," ಅಂದಳು. ಆ ದನಿಗೆ ಎದುರಾಡಿ ಉಳಿದ ಗಂಡಸು ಯಾವ ದ್ವೀಪದಲ್ಲೂ ಇಲ್ಲ.

ಮಾನೋರೈಲಿನಲ್ಲಿ ನಾನು ಸಿಂಹಗಳ ನಡುವೆ ಕೂತೆ. ಗಿರಿಜಾ ಅನಾನಸ್ ಹಿಡಿದು ಕಿಟಕಿಯಾಚೆ ನೋಡುತ್ತಿದ್ದಳು.

"ಒಬಾಸಾನ್, ಆ ಅಜ್ಜಿ, ಮೂರು ಸಲ ಹೇಳಿದ್ರು ಅಪ್ಪಾ," ಎಂದಳು ಸಿಂಚನ. "ಶೀಬುನ್‌ಗೆ ರಿಟರ್ನ್ ಕೊಡಬಾರ್ದಂತೆ. ನೀವು ಕೊಟ್ಟಿದ್ದಕ್ಕೆ ಅವರೂ ಕೊಡ್ಲೇಬೇಕಾಯ್ತು. ಪಾಪ, ಅಂಗಡಿ ಅರ್ಧ ಖಾಲಿ."

ಗಿರಿಜಾ ಕಿಟಕಿಯಿಂದ ತಿರುಗಲಿಲ್ಲ. "ತಿಪಟೂರು ಸಂತೇಲಿ ಕೊಸರು ಇಸ್ಕೊಂಡು, ಯಾವತ್ತಾದ್ರೂ ಒಂದು ಮೆಣಸಿನಕಾಯಿ ತಿರುಗಿ ಕೊಟ್ಟಿದೀರಾ?"

ಇಲ್ಲ. ಕೇಳುವಾಗ ತಿಪಟೂರಿನವನಾಗಿದ್ದೆ, ತಿರುಗಿಸುವಾಗ ಜಪಾನಿನವನಾಗಿಬಿಟ್ಟೆ. ಇಬ್ಬರೂ ಸೇರಿ ಒಬ್ಬ ಮುದುಕಿಯನ್ನು ಸುಲಿದಿದ್ದೆವು!

ಕೋಟೆಯ ಕಲ್ಲುಮೆಟ್ಟಿಲು ಹತ್ತಿ ಟಿಕೆಟ್ ಕಿಟಕಿ ಮುಟ್ಟಿದಾಗ ನಾಲ್ಕೂಕಾಲು. ಐದಕ್ಕೆ ಇಳಿಯಲೇಬೇಕು, ಇಲ್ಲದಿದ್ದರೆ ವಿಮಾನವಿಲ್ಲ. ಸಾಮಾನು ಹೊತ್ತು ಒಳಗೆ ಹೋಗುವಂತಿಲ್ಲ. ಅಲ್ಲಿ ಖಾಲಿಯಿದ್ದ ಒಂದೇ ಲಾಕರಿಗೆ ಒಂದು ಸಿಂಹ ಹಿಡಿಸಿತು, ಜೋಡಿ ಹಿಡಿಸಲಿಲ್ಲ. ಪಪ್ಪಾಯಿ ಹಿಡಿಸಿದರೆ ಬಾಗಿಲು ಮುಚ್ಚಲಿಲ್ಲ. ಕಿಟಕಿಯ ಹುಡುಗಿಗೆ, "ಸುಮಿಮಾಸೆನ್, ಇವನ್ನೆಲ್ಲ ಸ್ವಲ್ಪ ನೋಡಿಕೊಳ್ತೀರಾ?" ಎಂದು ಜಪಾನಿಯಲ್ಲಿ ಕೇಳಿ, ಮನಸ್ಸು ಕರಗಲೆಂದು ಅನಾನಸನ್ನು ಮುಂದೆ ಹಿಡಿದೆ. ಅವಳು ಕ್ಷಮೆ ಕೇಳುತ್ತಾ ಬಾಗಿದಳು. ಇನ್ನೂ ಮುಂದೆ ಹಿಡಿದೆ. ಇನ್ನೂ ಬಾಗಿದಳು. ಕೊನೆಗೆ ಕಿಟಕಿಯಲ್ಲಿ ಅವಳು ಕಾಣಿಸಲೇ ಇಲ್ಲ!

"ಅಪ್ಪಾ, ಹಾಜುಕಾಶೀ! ನಾಚಿಕೆಯಾಗುತ್ತೆ!" ಎಂದು ಸಿಂಚನ ಅಳುವಂತಾದಳು.

ಗಿರಿಜಾ ಕೈಯಲ್ಲಿದ್ದ ಚೀಲಗಳನ್ನು ಒಂದೊಂದಾಗಿ ನೆಲಕ್ಕಿಳಿಸಿದಳು. ಅವಳ ಮುಖದಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. "ಹೋಗ್ಲಿ ಬಿಡಿ," ಎನ್ನುವ ಮುಖ. ಆ ಮುಖವನ್ನು ನಾನು ಹದಿನಾಲ್ಕು ವರ್ಷದಿಂದ ಬಲ್ಲೆ. ಭಾನುವಾರಗಳಲ್ಲಿ, ಹಬ್ಬಗಳಲ್ಲಿ, ನಾನು ಹೋಟೆಲಿಗೆ ಹೊರಟಾಗಲೆಲ್ಲ ಬಾಗಿಲಲ್ಲಿ ನಿಂತಿದ್ದು ಅದೇ ಮುಖ.

ನಾನು ಎರಡು ಟಿಕೆಟ್ ತೆಗೆದೆ.

"ನೀವಿಬ್ರೂ ಹೋಗಿ. ನಾನು ಇಲ್ಲೇ ಇರ್ತೀನಿ."

"ನೀವು ನೋಡಲ್ವಾ?"

"ನಂಗೆ ಮಂಡಿನೋವು," ಎಂದೆ. ಎರಡು ಸಿಂಹ ಹೊತ್ತು ಗುಡ್ಡ ಹತ್ತಿದವನ ಮಂಡಿನೋವು! ಅವಳು ನನ್ನನ್ನೊಮ್ಮೆ ನೋಡಿದಳು. ಆಮೇಲೆ ಮಗಳ ಕೈ ಹಿಡಿದು ಹೆಚ್ಚುಕಡಿಮೆ ಓಡಿದಳು.

ನಾನು ಕಲ್ಲಿನ ಕಟ್ಟೆಯ ಮೇಲೆ ಕೂತೆ. ಎಡಕ್ಕೊಂದು ಸಿಂಹ, ಬಲಕ್ಕೊಂದು ಸಿಂಹ, ಮುಂದೆ ಹಾಗಲಕಾಯಿ. ಪ್ರವಾಸಿ ದಂಪತಿಗಳು ಬಂದು ಬಾಳೆಹಣ್ಣಿನ ಬೆಲೆ ಕೇಳಿದರು. ಇನ್ನಿಬ್ಬರು ಫೋಟೋ ತೆಗೆದುಕೊಂಡು ಹೋದರು. ಕೆಳಗೆ ಊರೆಲ್ಲ ಬಿಳಿಬಿಳಿಯಾಗಿ ಹರಡಿತ್ತು, ಅದರಾಚೆ ಆ ಹೆಸರಿಲ್ಲದ ಬಣ್ಣದ ಸಮುದ್ರ. ಕೋಟೆಗೋಡೆಯ ಕಲ್ಲುಗಳು ಬಟ್ಟೆ ಮಡಿಸಿದ ಹಾಗೆ ಬಾಗಿದ್ದವು. ಕಲ್ಲನ್ನು ಹೀಗೆ ಬಾಗಿಸಿದ ಕೈ ಯಾರದೋ ಎಂದು ನೋಡುತ್ತಾ ಕೂತೆ.

ಐದಕ್ಕೆ ಸರಿಯಾಗಿ ಇಬ್ಬರೂ ಹೊರಬಂದರು. ಗಿರಿಜಾ ನಿಧಾನವಾಗಿ ನಡೆದು ಬಂದು ಪಕ್ಕದಲ್ಲಿ ಕೂತಳು. ಅವಳ ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

"ಹೇಗಿತ್ತೇ?"

"ಕೆಂಪು ಅಂದ್ರೆ..." ಎಂದು ನಿಲ್ಲಿಸಿದಳು. "ಹೇಳಕ್ಕೆ ಬರಲ್ಲ ರೀ. ಒಬ್ಬ ವಯಸ್ಸಾದ ಬಡಗಿ ಒಂದು ಹಲಗೆ ಉಜ್ತಾ ಕೂತಿದ್ದ. ನಾವು ಹೋದಾಗಿಂದ ಬರೋವರ್ಗೂ ಅದೊಂದೇ ಹಲಗೆ. ಯಾರೂ ನೋಡದ ಮೂಲೇಗೆ ಹೋಗುತ್ತಂತೆ ಅದು. ಎಷ್ಟು ಪ್ರೀತಿಯಿಂದ ಉಜ್ತಿದ್ದ ಗೊತ್ತಾ?"

"ನಾನೂ ಬರ್ಬೇಕಿತ್ತು," ಎಂದೆ. ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಬರದೇ ಇದ್ದಿದ್ದೇ ಒಳ್ಳೇದಾಯ್ತು," ಎಂದು ಗಿರಿಜಾ ಎದ್ದು ಪಪ್ಪಾಯಿ ಎತ್ತಿಕೊಂಡಳು. "ಬಂದಿದ್ರೆ ಅವನ ಕೈಲಿದ್ದ ಹಲಗೆ ಇಸ್ಕೊಂಡು, ನೀವೇ ಉಜ್ಜಿ ತೋರಿಸ್ತಿದ್ರಿ. ಅರಮನೆ ಮುಗಿಯೋದು ಇನ್ನೊಂದು ವರ್ಷ ತಡ ಆಗ್ತಿತ್ತು!"

ಸಿಂಚನ ನಕ್ಕಳು. ಮಾತು ನಿಜವಾದ್ದರಿಂದ ನಾನೂ ನಕ್ಕೆ.

ನಾಹಾದ ಕೋಟೆ ಹೇಗಿದೆಯೆಂದು ಯಾರಾದರೂ ಕೇಳಿದರೆ ಈಗ ಧೈರ್ಯವಾಗಿ ಹೇಳುತ್ತೇನೆ. ಟಿಕೆಟ್ ಕಿಟಕಿ ಬಹಳ ಅಚ್ಚುಕಟ್ಟಾಗಿದೆ. ಅದರ ಎಡಕ್ಕೊಂದು ಕಲ್ಲಿನ ಕಟ್ಟೆಯಿದೆ. ನಾಲ್ಕೂವರೆಯ ಮೇಲೆ ಅಲ್ಲಿ ಒಳ್ಳೆಯ ನೆರಳು ಬೀಳುತ್ತದೆ.