ಅಡಗಿ ಆಗ್ಯಾದ, ಏಳ್ರಿ

ಊಟಕ್ಕ ಕರಿಯೋದ್ರಾಗ ಏನು ಕಷ್ಟ ಅದ ಅಂತೀರಿ? ನನ್ನ ಕೇಳ್ರಿ. ನಿಜಾಮರ ಕಾಲದಾಗ ನಮ್ಮವರು, ಅಂದ್ರ ನನ್ನ ಗಂಡ, ಸೇಡಂನಾಗ ಮಿಶನ್ ಉಪದೇಶಿ ಇದ್ರು. ಊರೂರು ತಿರುಗಿ ಯೇಸುಸ್ವಾಮಿ ಮಾತು ಹೇಳೋದು ಅವರ ಕೆಲಸ. ಎಲ್ಲಾದಕ್ಕಿಂತ ಅವರಿಗೆ ಸೇರತಿದ್ದದ್ದು ದೊಡ್ಡ ಊಟದ ಸಾಮ್ಯ, ಯೇಸುಸ್ವಾಮಿ ಹೇಳಿದ ಒಂದು ಕಥಿ. ಒಬ್ಬ ಯಜಮಾನ ಮಂದೀನ್ನ ಊಟಕ್ಕ ಕರೀತಾನ. ಹೊಲ ತಗೊಂಡೀನಿ ಅಂತ ಒಬ್ಬ, ಎತ್ತು ತಗೊಂಡೀನಿ ಅಂತ ಒಬ್ಬ, ಲಗ್ನ ಆಗೀನಿ ಅಂತ ಇನ್ನೊಬ್ಬ, ಎಲ್ಲಾರೂ ನೆಪ ಹೇಳ್ತಾರ. ಆಗ ಅವಾ ಸಿಟ್ಟಿಗೆದ್ದು ಓಣ್ಯಾಗಿನ ಕುಂಟರನ್ನ, ಕುರುಡರನ್ನ ಕರೆಸಿ ಉಣಸ್ತಾನ. ದೇವರ ಕರೆ ಬಂದಾಗ ನೆಪ ಹೇಳಬ್ಯಾಡ್ರಿ ಅಂತ ಅದರ ಅರ್ಥ. ಹೇಳೋದು ಸಸಾರ. ನಮ್ಮ ಬಾಳೇ ಎಲ್ಲಾ ಆ ನೆಪದಾಗೇ ಹೋತು.

ಐನಾಪುರದ ನ್ಯಾಯ

ಚಿಂಚೋಳಿ ಕಡೆ ಐನಾಪುರದಾಗ ಒಮ್ಮೆ ಗಿಡದ ಕೆಳಗ ಮಂದಿ ಕೂಡಿಸಿ ನಮ್ಮವರು ಈ ಸಾಮ್ಯ ಹೇಳಿದ್ರು. ನಾನೂ ಸಂಗಟ ಹೋಗಿದ್ದೆ. ಎತ್ತಿನ ಮಾತು ಬಂತೋ ಇಲ್ಲೋ, ಮುಂದ ಕುಂತ ರೈತರೆಲ್ಲಾ ಎತ್ತು ತಗೊಂಡವನ ಕಡೆ ಆದ್ರು. ಹೊಸ ಎತ್ತು ಹೂಡಿ ನೋಡದೆ ಬಿಟ್ರ ಮಾರಿದವಾ ವಾಪಸ್ ತಗೋತಾನೇನ್ರಿ ಅಂತ ಕೇಳಿದ್ರು. ಆಮ್ಯಾಲ ಎತ್ತಿನ ಹಲ್ಲು ನೋಡೋದು ಹೆಂಗ, ಸುಳಿ ನೋಡೋದು ಹೆಂಗ ಅಂತ ಅವರವರೇ ಶುರು ಹಚ್ಚಿದ್ರು. ಹೊತ್ತು ಇಳೀತು. ದೇವರು ಎಲ್ಲಿ ಹೋದ್ನೋ ಯಾರಿಗೂ ನೆನಪಿಲ್ಲ.

ಕಡೀಕ ಊರ ಹಿರಿಯರೊಬ್ಬರು ಎದ್ದು ನ್ಯಾಯ ಹೇಳಿದ್ರು. ಹೊಲದವಂದು ಖರೇ, ಎತ್ತಿನವಂದು ಖರೇ, ಲಗ್ನ ಆದವಂದಂತೂ ಭಾಳ ಖರೇ. "ತಪ್ಪು ನಿಮ್ಮ ಯಜಮಾನಂದು, ಉಪದೇಶಿಗಳೇ. ಬಿತ್ತಿಗಿ ಹೊತ್ತಿನಾಗ ಯಾರರೆ ಊಟ ಇಟ್ಕೋತಾರೇನ್ರಿ?"

ಯಾರೂ ಬರದ ಹಬ್ಬ

ನಮ್ಮ ಕಡೆ ಒಂದು ಪದ್ಧತಿ ಅದ. ಮುಂಚೆ ಹೋಗಿ ಊಟಕ್ಕ ಹೇಳಿ ಬರೋದು ಬ್ಯಾರೆ. ಅಡಗಿ ಆದ ಮ್ಯಾಲ ಮತ್ತ ಮನಿ ಮನಿಗೆ ಹೋಗಿ "ಅಡಗಿ ಆಗ್ಯಾದ, ಏಳ್ರಿ" ಅನ್ನಬೇಕು. ಹಂಗ ಅನ್ನೋತನಕ ಹಸಿವಿನಿಂದ ಕಣ್ಣು ಕತ್ತಲಿ ಬಂದ್ರೂ ಯಾರೂ ಏಳಂಗಿಲ್ಲ.

ಶಹಾಬಾದದಿಂದ ಪರದೇಶದ ಪಾದ್ರಿ ಸಾಹೇಬ್ರು ಕ್ರಿಸ್ಮಸ್ಸಿಗೆ ಬಂದಿದ್ರು. ನಮ್ಮ ಸಭೆಯವರಿಗೆಲ್ಲಾ ತಾವೇ ಊಟಕ್ಕ ಹೇಳಿ ಬಂದ್ರು. ಮತ್ತ ಕರಿಯಾಕ ಹೋಗ್ತೀನಿ ಅಂತ ನಮ್ಮವರಂದ್ರ, ಒಮ್ಮೆ ಹೇಳಿದ್ದು ಸಾಕು, ಇವರೇನು ಸಣ್ಣ ಮಕ್ಕಳೇನು ಅಂತ ತಡೆದ್ರು. ಹೋಳಿಗಿ ಆರಿತು, ಸಾರು ಆರಿತು, ಒಂದು ನರಪಿಳ್ಳಿ ಇಲ್ಲ. ಸಾಹೇಬ್ರ ಕಣ್ಣಾಗ ನೀರೇ ಬಂತು. ಸಾಮ್ಯದಾಗಿನ ಯಜಮಾನನಂಗ ನನ್ನನ್ನೂ ತಳ್ಳಿಬಿಟ್ರು ಅಂದ್ರು ಪಾಪ.

ನಮ್ಮವರು ತಡೀಲಾರದೆ ಓಣ್ಯಾಗ ಹೋಗಿ ನೋಡ್ತಾರ, ಎಲ್ಲಾರೂ ಮೈ ತೊಳಕೊಂಡು, ಮಡಿ ಅರಿವಿ ಉಟಗೊಂಡು, ಅವರವರ ಕಟ್ಟಿ ಮ್ಯಾಲ ಕುಂತು ನಮಗೇ ಬೈಯಾಕತ್ಯಾರ. ಏಳ್ರಿ ಅಂದಿದ್ದೇ ತಡ, ಓಡಿ ಬಂದ್ರು. ಪಂಕ್ತಿ ಕುಂತಾಗ ನಮ್ಮವರು ಸಾಹೇಬ್ರ ಪುಸ್ತಕದಾಗ ಆ ಸಾಮ್ಯ ತೆಗೆದು ತೋರಿಸಿದ್ರು. ಅಲ್ಲೂ ಹಂಗೇ ಇತ್ತು. ಮುಂಚೇನೇ ಹೇಳಿದ್ದ ಯಜಮಾನ ಊಟದ ಹೊತ್ತಿಗೆ ಆಳನ್ನ ಮತ್ತ ಕಳಸ್ಯಾನ, ಎಲ್ಲಾ ತಯಾರ ಅದ ಬರ್ರಿ ಅಂತ. ಸಾಲಿನಾಗಿದ್ದ ಒಬ್ಬ ಅಜ್ಜ ಹೋಳಿಗಿ ಮುರಕೋತ ಅಂದ: "ಹಂಗಾದ್ರ ಆ ಯಜಮಾನ ಸೇಡಂ ಕಡಿಯವನೇ ಇರಬೇಕು ಬಿಡ್ರಿ."

ಟೇಶನ್ನಿನ ಕುರುಡ

ಮರುವರ್ಷ ನಮ್ಮವರು ಸಾಮ್ಯದಾಗ ಹೇಳಿದಂಗೇ ಮಾಡಬೇಕಂತ ಹಟ ಹಿಡಿದು, ಟೇಶನ್ನಿನಾಗ ಹಾಡಿ ಭಿಕ್ಷಾ ಬೇಡೋ ಕುರುಡನ್ನ ಕರಿಯಾಕ ಹೋದ್ರು. ಅವಾ ಭಾಳ ಮರ್ಯಾದಿಲೆ ಕೈ ಮುಗಿದ್ನಂತ. ವಾಡಿ ಕಡಿಂದ ಗಾಡಿ ಬರೋ ಹೊತ್ತು, ಧಂದೆ ಬಿಟ್ಟು ಹೆಂಗ ಬರಲಿ ಅಂದ್ನಂತ. ಹೊಲದವಾ ಬರಲಿಲ್ಲ, ಎತ್ತಿನವಾ ಬರಲಿಲ್ಲ, ಕಡೀಕ ಕುರುಡನೂ ಬರಲಿಲ್ಲಲ್ಲ ಅಂತ ನಾ ನಕ್ಕೆ. ಇವರು ಬುತ್ತಿ ಕಟ್ಟಿಸಿಕೊಂಡು ಟೇಶನ್ನಿಗೇ ಹೋದ್ರು. ಕುರುಡ ಹೋಳಿಗಿ ಮುಟ್ಟಿ ನೋಡಿ, ತುಪ್ಪ ಎಲ್ಲಿ ಅಂತ ಕೇಳಿದ.

ನಮ್ಮವ್ವನ ಎಮ್ಮಿ

ಈಗ ಹೇಳೋದು ನಮ್ಮವ್ವಂದು. ನೀವು ನಗ್ರಿ, ಆದ್ರ ನನಗ ನಕ್ಕೋತ ಹೇಳಾಕ ಆಗಂಗಿಲ್ಲ.

ಲಗ್ನ ಆದ ಮ್ಯಾಲ ನಾವಿಬ್ಬರೂ ಕ್ರಿಸ್ತರ ಮಾರ್ಗಕ್ಕ ಬಂದಿವಿ. ನಮ್ಮ ಸೇಡಂ ಕಡೆ ಮುಧೋಳದಾಗಿದ್ದ ನಮ್ಮವ್ವ, ಕೊರಳಾಗಿನ ಲಿಂಗ ತೆಗೆದವರ ಮನ್ಯಾಗ ನೀರು ಸೈತ ಮುಟ್ಟಂಗಿಲ್ಲ ಅಂದ್ಲು. ನನಗ ಬ್ಯಾರೆ ಏನೂ ಬೇಕಾಗಿರಲಿಲ್ಲ. ನಮ್ಮವ್ವ ಒಮ್ಮೆ ನನ್ನ ಕೈಲೆ ಉಂಡ್ರ ಸಾಕಿತ್ತು.

ನಮ್ಮವರು ಪ್ರತಿ ವರ್ಷಾ ಕ್ರಿಸ್ಮಸ್ಸಿಗೆ ಮುಂಚೆ ಮುಧೋಳಕ್ಕ ನಡಕೊಂಡು ಹೋಗಿ ಕರೀತಿದ್ರು. ಅತ್ತಿ ಬಂದ್ರ ಉಣ್ಣಲಿ ಅಂತ ಹಬ್ಬದಾಗ ಮಾಂಸ ಮಾಡಸ್ತಿರಲಿಲ್ಲ. ಪಂಕ್ತ್ಯಾಗ ಅಕಿ ಹೆಸರಿಲೆ ಒಂದು ಪತ್ರಾವಳಿ ಹಾಕಿಸ್ತಿದ್ರು. ಅವ್ವ ಬಾಗಿಲ ಮರಿಗೆ ನಿಂತು, ತಲಿ ಮ್ಯಾಲ ಸೆರಗು ಹೊದ್ದು, ಒಂದು ವರ್ಷ ತೊಗರಿ ಕೊಯ್ಲು ಅನ್ನಾಕಿ, ಒಂದು ವರ್ಷ ಮೊಣಕಾಲು ಅನ್ನಾಕಿ. ಬರಂಗಿಲ್ಲ ಅಂತ ಹೇಳಿ, ಮಗಳಿಗೆ ಅಂತ ಶೇಂಗಾ ಗಂಟು ಕೊಟ್ಟು ಕಳಸಾಕಿ.

ಒಂದು ಸಲ ಎಮ್ಮಿ ಈದದ, ಬಿಟ್ಟು ಬರಾಕ ಆಗಂಗಿಲ್ಲ ಅಂದ್ಲು. ಆ ಎಮ್ಮಿ ಮಾರಿ ಭಾಳ ದಿನ ಆಗಿತ್ತು. ಖಾಲಿ ಗೋದಲಿ ನಮ್ಮವರ ಕಣ್ಣ ಮುಂದೇ ಇತ್ತು. ಆದ್ರೂ ಇವರು ಕರಾ ಗಂಡೋ ಹೆಣ್ಣೋ ಅಂತ ಕೇಳಿದ್ರಂತ. ಅವ್ವ ಚೂರೂ ಅಂಜದೆ ಹೆಣ್ಣು ಅಂದ್ಲಂತ. ಅದನ್ನ ಹೇಳಿ ಹೇಳಿ ಇವರು ನಗ್ತಿದ್ರು. ನಾ ಒಲಿ ಮುಂದ ಕುಂತು ಅಳ್ತಿದ್ದೆ.

ಮುಂದಿನ ಮಳಿಗಾಲದಾಗ ಜ್ವರ ಬಂದು ನಮ್ಮವರು ಹೋದ್ರು. ಮಣ್ಣಿಗೂ ಅವ್ವ ಬರಲಿಲ್ಲ. ನನ್ನ ಎದಿ ಕಲ್ಲಾತು. ಆ ಕ್ರಿಸ್ಮಸ್ಸಿಗೆ ಮುಧೋಳಕ್ಕ ಯಾರೂ ಹೋಗಲಿಲ್ಲ. ಹಬ್ಬ ನಡೆಸಿದೆ, ಅವರಿಗೆ ಸೇರತಿತ್ತು ಅಂತ.

ಸಾರು ಇಳಿಸಿ ಹೊರಗ ಬಂದ್ರ, ಕಟ್ಟಿ ಮ್ಯಾಲ ನಮ್ಮವ್ವ. ಕಾಲ ತುಂಬ ಧೂಳು, ಮಡಲಾಗ ಶೇಂಗಾ ಗಂಟು. ಅಕಿ ಸಿಟ್ಟಿಲೆ ಅಂದ್ಲು: "ಈ ವರ್ಷಾನೂ ನೆಪ ತಯಾರ ಇಟ್ಟಿದ್ದೆ. ಕರಿಯೋರೇ ಹೋದ ಮ್ಯಾಲ ಒಲ್ಲೆ ಅಂತ ಯಾರಿಗನ್ನಲಿ?"

ಕೈ ಹಿಡಿದು ಒಳಗ ಬಾ ಅಂದೆ. ಕದಲಲಿಲ್ಲ. ಮತ್ತ ಸಿಟ್ಟೇನೋ ಅಂತ ಅಂಜಿದೆ. ಆಮ್ಯಾಲ ತಿಳೀತು. ಒಳಗ ಹೋದೆ, ಪತ್ರಾವಳಿ ಹಾಕಿದೆ, ತಿರುಗಿ ಬಾಗಿಲಿಗೆ ಬಂದು ನಿಂತೆ.

"ಯವ್ವಾ, ಅಡಗಿ ಆಗ್ಯಾದ, ಏಳು."

ಎದ್ಲು. ಒಳಗ ಬಂದು ಅವರು ವರ್ಷಾ ಹಾಕಿಸ್ತಿದ್ದ ಜಾಗದಾಗೇ ಕುಂತ್ಲು. ಒಂದು ತುತ್ತು ಕಲಸಿ ಬಾಯಾಗ ಇಟಗೊಂಡ್ಲು. ಪಂಕ್ತಿಯೆಲ್ಲಾ ಅಕಿ ಮಾರಿ ನೋಡಾಕತ್ತಿತ್ತು. ನುಂಗಿ, ಸೆರಗಿಲೆ ಕಣ್ಣು ಒರಸಿಕೊಂಡು ಅಂದ್ಲು:

"ಉಪ್ಪಿಲ್ಲ, ಹುಳಿ ಇಲ್ಲ. ಇಂಥಾ ಸಾರು ಉಣ್ಣಾಕ ಆ ಮನಷ್ಯಾ ವರ್ಷಾ ಅಷ್ಟು ದೂರ ಬಂದು ಕರೀತಿದ್ನೇನು?"