ಬಸವಪ್ಪನೂ ಪಾದ ಕೊಡದ ಡಿಗ್ರಿ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಅಂಚೆ ಶಿಕ್ಷಣದಲ್ಲಿ ಬಿ.ಎ.ಗೆ ಫೀಸು ಕಟ್ಟಿದ ದಿನವೇ, "ನಮ್ ವಂಸದಲ್ಲಿ ಎಸ್ಸೆಲ್ಸಿ ದಾಟ್ದೋರಿಲ್ಲ. ಆಗಾಕಿಲ್ಲ ಬುಡವ್ವ" ಅಂದರು. ಕೆಟ್ಟವರಲ್ಲ. ಮಳೆ ಬಗ್ಗೆ, ಬಸ್ಸಿನ ಬಗ್ಗೆ, ನನ್ನ ಮದುವೆ ಬಗ್ಗೆಯೂ ಅವರು ಹೇಳುವುದು ಇದನ್ನೇ. ಅವರ ಮಾತು ಉಳಿಸಿದ್ದು ಇಂಗ್ಲಿಷ್ ಪೇಪರು. ಉಳಿದವೆಲ್ಲ ಹೇಗೋ ದಡ ಸೇರಿದವು. ಅದೊಂದು ಮಾತ್ರ ಮೂರು ಸಲ ಕೈಕೊಟ್ಟಿತು.

ನಾನು ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು. ಬೆಳಿಗ್ಗೆ ಮದ್ದೂರಿನಲ್ಲಿ ಬಸ್ಸು ಹತ್ತಿ, ಸೀಟು ಸಿಕ್ಕರೆ ಓದುತ್ತಿದ್ದೆ, ಸಿಗದಿದ್ದರೆ ನಿಂತೇ ತೂಕಡಿಸುತ್ತಿದ್ದೆ. ಸೀಟು ಸಿಕ್ಕಾಗಲೂ ತೂಕಡಿಸುತ್ತಿದ್ದೆ ಎಂಬುದನ್ನು ಫಲಿತಾಂಶವೇ ಹೇಳುತ್ತಿತ್ತು. ನಮ್ಮ ಸೂಪರ್‌ವೈಸರಿಗೆ ಇಂಗ್ಲಿಷ್ ಅಂದರೆ ಪ್ರಾಣ. ಮೊದಲ ಸಲ ಫೇಲಾದಾಗ "ನಿಂದು ಲಾಂಗ್ ಶಾಟ್ ಕಣಮ್ಮ" ಅಂದರು. ತಗುಲುವ ಭರವಸೆಯಿಲ್ಲದೆ ದೂರಕ್ಕೆ ಹೊಡೆದ ಗುಂಡಂತೆ. ಎರಡನೇ ಸಲ ಅಂಡರ್‌ಡಾಗ್, ಅಂದರೆ ಸೋಲುವುದು ಖಾತ್ರಿ ಅಂತ ಎಲ್ಲರೂ ಕೈಬಿಟ್ಟವಳು. ಮೂರನೇ ಸಲ ಡಾರ್ಕ್ ಹಾರ್ಸ್: ಯಾರ ಕಣ್ಣಿಗೂ ಬೀಳದೆ ಇದ್ದು ಗೆದ್ದುಬಿಡಬಹುದಾದ ಕುದುರೆ. ಫೇಲಾಗುತ್ತಾ ಹೋದರೂ ನಾಯಿಯಿಂದ ಕುದುರೆಗೆ ಬಡ್ತಿ ಬಂತಲ್ಲ ಎಂದು ಸಮಾಧಾನಪಟ್ಟುಕೊಂಡೆ. ಫ್ಯಾಕ್ಟರಿಯಲ್ಲಿ ಅಷ್ಟೂ ಬಡ್ತಿ ಬಂದಿರಲಿಲ್ಲ. ಯಾರೂ ನಂಬದವರಿಗೆ ಇಂಗ್ಲಿಷಿನವರು ಎಷ್ಟೊಂದು ಹೆಸರಿಟ್ಟಿದ್ದಾರೆ! ನಮ್ಮ ಕಡೆ ಎಲ್ಲಕ್ಕೂ ಸೇರಿ ಒಂದೇ: ಆಗಾಕಿಲ್ಲ ಬುಡು.

ನಾಲ್ಕನೆಯದು ಕೊನೆಯ ಅವಕಾಶ. ಇದೂ ಹೋದರೆ ಅಷ್ಟು ವರ್ಷದ ಓದೂ ಹೋದಂತೆ. ದೊಡ್ಡಪ್ಪ ನನ್ನನ್ನು ದೇವಸ್ಥಾನಕ್ಕೆ ಬಿಟ್ಟ ಹೋರಿ ಬಸವಪ್ಪನ ಮುಂದೆ ಕೂರಿಸಿದರು. ಕೇಳಿಕೊಂಡ ಕೆಲಸ ಆಗುವುದಾದರೆ ಬಸವ ನಮ್ಮ ಅಂಗೈ ಮೇಲೆ ಪಾದ ಇಡುತ್ತಾನೆ. ನಾನು ಅಂಗೈ ಚಾಚಿದೆ. ಬಸವಪ್ಪ ನನ್ನನ್ನು ನೋಡಿದ, ಬ್ಯಾಗು ಮೂಸಿದ, ತಿರುಗಿ ಹೊರಟೇಹೋದ.

"ನೋಡ್ದಾ?" ಅಂದರು ದೊಡ್ಡಪ್ಪ.

ಬ್ಯಾಗಿನಲ್ಲಿದ್ದದ್ದು ಇಂಗ್ಲಿಷ್ ಗೈಡು. ಅದನ್ನು ಕಂಡರೆ ನನಗೂ ಹಾಗೇ ಎದ್ದು ಹೋಗೋಣ ಅನ್ನಿಸುತ್ತಿತ್ತು. ಹಾಗಾಗಿ ಬಸವಪ್ಪನ ಮೇಲೆ ಸಿಟ್ಟು ಬರಲಿಲ್ಲ. ಆದರೂ ಪರೀಕ್ಷೆಗೆ ಹೋದೆ. ಛಲ ಅನ್ನಬೇಡಿ. ರಜೆ ಬರೆದುಕೊಟ್ಟಾಗಿತ್ತು; ಸುಸ್ತಾದವಳಿಗೆ ಹಿಂದಕ್ಕೆ ಬರುವುದೂ ಮುಂದಕ್ಕೆ ಹೋದಷ್ಟೇ ದೂರ. ಪ್ರಶ್ನೆಪತ್ರಿಕೆಯಲ್ಲಿ ಡಾರ್ಕ್ ಹಾರ್ಸ್ ಬಳಸಿ ವಾಕ್ಯ ಬರೆಯಿರಿ ಎಂದಿತ್ತು. ಉದಾಹರಣೆ ಹುಡುಕಬೇಕಾಗಲಿಲ್ಲ, ನನ್ನನ್ನೇ ಬರೆದೆ. ಕೂದಲೆಳೆಯ ಅಂತರದಲ್ಲಿ ಪಾಸಾದೆ.

ಸರ್ಟಿಫಿಕೇಟನ್ನು ದೊಡ್ಡಪ್ಪನ ಕೈಗೇ ಕೊಟ್ಟೆ. ಕೈಯನ್ನು ಪಂಚೆಗೆ ಒರೆಸಿಕೊಂಡು ಹಿಡಿದರು. ನನ್ನ ಹೆಸರಿನ ಮೇಲೆ ಬೆರಳಾಡಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಷ್ಟನೇ ಸಲಕ್ಕೆ ಪಾಸಾದೆ ಅಂತ ಇದ್ರಲ್ಲಿ ಬರ್ದವ್ರಾ?"

"ಇಲ್ಲ ದೊಡ್ಡಪ್ಪ."

"ಹಂಗಾದ್ರೆ ನೀನೂ ಯಾರ್ಗೂ ಯೋಳ್ಬ್ಯಾಡ ಬುಡವ್ವ."